ಶಿಕ್ಷಕರ ಸಂಘ: ಸೇರೋದಾ, ದೂರ ಇರೋದಾ?

ಜಿಪಿಟಿ ವಿಜ್ಞಾನ (ಕೊಪ್ಪಳ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಾನು 2022ರ 15,000 ಜಿಪಿಟಿ (ಆರರಿಂದ ಎಂಟನೇ ತರಗತಿಯ ಪದವೀಧರ ಶಿಕ್ಷಕರ) ಹುದ್ದೆಗಳ ನೇಮಕಾತಿಯಲ್ಲಿ ಆಯ್ಕೆಯಾದವನು. ಪಟ್ಟಿ ಕೋರ್ಟಿನಲ್ಲಿ ಸಿಕ್ಕಿಕೊಂಡು, ಆದೇಶ ಕೈಗೆ ಬರುವಷ್ಟರಲ್ಲಿ 2023 ಮುಗಿಯುತ್ತಾ ಬಂದಿತ್ತು. ಈಗ 2025ರ ನವೆಂಬರ್. ಎರಡು ವರ್ಷದ ಪ್ರೊಬೇಷನರಿ ಅವಧಿ ಮುಗಿಯುವ ಹೊತ್ತು.

ಕಳೆದ ವಾರ ಕ್ಲಸ್ಟರ್ ಸಭೆ ಮುಗಿದ ಮೇಲೆ ಪ್ರಾಥಮಿಕ ಶಾಲಾ ಶಿಕ್ಷಕರ ಸಂಘದವರು ಒಂದು ಫಾರಂ ಮುಂದಿಟ್ಟು "ಸಹಿ ಹಾಕಿ ಸರ್, ಎಲ್ಲರೂ ಹಾಕಿದ್ದಾರೆ" ಅಂದರು. ಮನೆಯಲ್ಲಿ ಓದಿ ಕೊಡುತ್ತೇನೆ ಅಂತ ತಂದೆ. ಸಂಜೆಗೆ ನಮ್ಮ ಬ್ಯಾಚಿನ ಗೆಳೆಯನ ಫೋನು: "ಆ ಸಂಘ ಪಿಎಸ್‌ಟಿಗಳದ್ದು, ಅಂದರೆ ಒಂದರಿಂದ ಐದನೇ ತರಗತಿಯ ಶಿಕ್ಷಕರದ್ದು, ಅವರ ಬೇಡಿಕೆ ಈಡೇರಿದರೆ ನಮ್ಮ ಸೀನಿಯಾರಿಟಿಗೇ ಕುತ್ತು. ಪದವೀಧರ ಶಿಕ್ಷಕರ ಸಂಘ ಬೇರೆ ಇದೆ, ಅಲ್ಲಿಗೆ ಬಾ." ನಮ್ಮ ಎಚ್‌ಎಂ (ಮುಖ್ಯ ಶಿಕ್ಷಕರು) ಹೇಳುವುದು ಇನ್ನೊಂದು: "ಯಾವುದೂ ಬೇಡ, ಪಾಠ ಮಾಡ್ಕೊಂಡು ಇರು."

ಸೇರುವುದು ಕಡ್ಡಾಯವೇ? ಸೇರದಿದ್ದರೆ ಪ್ರೊಬೇಷನರಿ ಘೋಷಣೆಗೆ ಅಡ್ಡಿ ಆಗುತ್ತಾ? ಸಂಬಳದಲ್ಲಿ ಹೊಸದಾಗಿ 350 ರೂಪಾಯಿ ಕಡಿತ ಕಾಣುತ್ತಿದೆ, ನಾನು ಸಹಿ ಹಾಕುವ ಮೊದಲೇ ಸಂಘದ ದುಡ್ಡು ಹಿಡಿದುಬಿಟ್ಟರಾ? ಅನುಭವ ಇದ್ದವರು ಹೇಳಿ.

ನಿವೃತ್ತ ಎಚ್‌ಎಂ (ಹಾಸನ)

ಸುಲಭದ್ದು ಮೊದಲು. ಆ 350 ಸಂಘದ್ದಲ್ಲ ಸರ್. ಅಕ್ಟೋಬರ್‌ನಲ್ಲಿ ಶುರುವಾದ ಕರ್ನಾಟಕ ಆರೋಗ್ಯ ಸಂಜೀವಿನಿಯ ವಂತಿಗೆ ಅದು, ಗ್ರೂಪ್ ಸಿ ನೌಕರರಿಗೆ ತಿಂಗಳಿಗೆ ಅಷ್ಟು. ಸಂಘದ ಶುಲ್ಕ ವರ್ಷಕ್ಕೊಮ್ಮೆ ಹೋಗುವಂಥದ್ದು. ಅದರ ಹೊರೆ ನೋಡಿ ನಿರ್ಧಾರ ಮಾಡುವಷ್ಟು ದೊಡ್ಡ ಮೊತ್ತವಲ್ಲ.

ಕಡ್ಡಾಯ ಖಂಡಿತ ಅಲ್ಲ. ಪ್ರೊಬೇಷನರಿ ಘೋಷಣೆ ಮಾಡುವುದು ಇಲಾಖೆ. ಸಂಘಕ್ಕೂ ಅದಕ್ಕೂ ಕಾಗದದ ಮೇಲೆ ಯಾವ ಸಂಬಂಧವೂ ಇಲ್ಲ. ಕಾಗದ ಬಿಟ್ಟು ನಿಜ ಸಂಗತಿ ಹೇಳುತ್ತೇನೆ. ನಾನು ತಾಲ್ಲೂಕು ಸಂಘದಲ್ಲಿ ಪದಾಧಿಕಾರಿಯಾಗಿದ್ದವನು, ಹಾಗಾಗಿ ನನ್ನ ಮಾತಿಗೆ ಸ್ವಲ್ಪ ರಿಯಾಯಿತಿ ಕಳೆದೇ ಓದಿ.

ಒಬ್ಬ ಟೀಚರ್‌ದು ಹತ್ತು ವರ್ಷದ ಕಾಲಮಿತಿ ಬಡ್ತಿ ನಿಂತಿತ್ತು. ಕಾರಣ ಕೇಳಿದರೆ, ಯಾವಾಗಲೋ ಹಾಕಿದ ವೈದ್ಯಕೀಯ ರಜೆಯ ಮಂಜೂರಾತಿ ಎಸ್‌ಆರ್‌ನಲ್ಲಿ (ಸೇವಾ ಪುಸ್ತಕದಲ್ಲಿ) ನಮೂದಾಗಿಲ್ಲ. ರಜೆ ಅರ್ಜಿ ಇದೆ, ಡಾಕ್ಟರ್ ಸರ್ಟಿಫಿಕೇಟ್ ಇದೆ, ಮಂಜೂರಾತಿ ಆದೇಶದ ಪ್ರತಿಯೂ ಇದೆ. ಎಸ್‌ಆರ್‌ನಲ್ಲಿ ಎರಡು ಸಾಲು ಬರೆದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಬೇಕು, ಅಷ್ಟೇ. ಆ ಎರಡು ಸಾಲಿಗಾಗಿ ಅವರು ತಿಂಗಳುಗಟ್ಟಲೆ ಓಡಾಡಿದ್ದರು. ಶಾಲೆ ಬಿಟ್ಟು ಬಸ್ ಹಿಡಿದು ಕಚೇರಿಗೆ ಬರುವಷ್ಟರಲ್ಲಿ ಕೇಸ್ ವರ್ಕರ್ ಸೀಟಿನಲ್ಲಿ ಇರುತ್ತಿರಲಿಲ್ಲ. ಇದ್ದ ದಿನ "ಮುಂದಿನ ವಾರ ಬನ್ನಿ". ನಾವು ಅಂಥ ಹದಿನೈದು ಕೇಸುಗಳ ಪಟ್ಟಿ ಮಾಡಿ ಬಿಇಒ ಮುಂದೆ ಕೂತೆವು. ಅವರು ಅಲ್ಲೇ ಕೇಸ್ ವರ್ಕರನ್ನು ಕರೆಸಿದರು. ಶನಿವಾರ ಮಧ್ಯಾಹ್ನ ಕೂತು ಅಷ್ಟೂ ಎಸ್‌ಆರ್ ಬರೆಸಿದೆವು.

ಒಬ್ಬೊಬ್ಬರೇ ಹೋದರೆ ಆಗದ ಕೆಲಸ ಪಟ್ಟಿ ಹಿಡಿದು ಹೋದರೆ ಆಗುತ್ತದೆ. ಇಂಥ ವ್ಯವಸ್ಥೆ ಇರಬಾರದು ಅಂತ ನೀವು ಹೇಳಬಹುದು, ನಾನೂ ಒಪ್ಪುತ್ತೇನೆ. ಆದರೆ ಇರುವುದು ಇದೇ.

ಇನ್ನು ಸಂಬಳ. 2023ರ ಮಾರ್ಚ್ 1ರಂದು ನೌಕರರ ಸಂಘ ಅನಿರ್ದಿಷ್ಟ ಮುಷ್ಕರಕ್ಕೆ ಇಳಿಯಿತು, ಶಿಕ್ಷಕರೂ ಕೈಜೋಡಿಸಿದರು. ಅದೇ ದಿನ 17 ಪರ್ಸೆಂಟ್ ಮಧ್ಯಂತರ ಪರಿಹಾರ ಘೋಷಣೆ ಆಯಿತು. ಆಮೇಲೆ ಏಳನೇ ವೇತನ ಆಯೋಗದ ವರದಿ, 2024ರ ಆಗಸ್ಟ್ 1ರಿಂದ ಜಾರಿ, 27.5 ಪರ್ಸೆಂಟ್ ಫಿಟ್‌ಮೆಂಟ್ (ಹೊಸ ವೇತನ ನಿಗದಿಗೆ ಸೇರಿಸುವ ಹೆಚ್ಚಳ). ಕನಿಷ್ಠ ಮೂಲ ವೇತನ 17,000 ಇದ್ದದ್ದು 27,000 ಆಯಿತು. ಯಾರೂ ಕೇಳದಿದ್ದರೂ ಕೊಡುತ್ತಿದ್ದರು ಅನ್ನುವವರಿಗೆ ನನ್ನ ನಮಸ್ಕಾರ.

ಲೆಕ್ಕದ ಮೇಷ್ಟ್ರು (ಮಂಡ್ಯ)

ಎಚ್‌ಎಂ ಸಾಹೇಬರೇ, ಅದೇ ಮಾರ್ಚ್ 1ರ ಕಥೆಯನ್ನು ಇನ್ನೊಂದು ಕಡೆಯಿಂದ ಹೇಳಲಾ? ಬೇಡಿಕೆ ಎರಡಿತ್ತು. ವೇತನ ಆಯೋಗದ್ದು ಒಂದು, ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ) ರದ್ದು ಮಾಡಿ ಹಳೇ ಪಿಂಚಣಿ ಕೊಡಿ ಅನ್ನುವುದು ಇನ್ನೊಂದು. ಬೆಳಿಗ್ಗೆ "ಅನಿರ್ದಿಷ್ಟ" ಅಂದದ್ದು ಸಂಜೆಯೊಳಗೆ ಮುಗಿದೇಹೋಯಿತು. ಮೊದಲನೆಯದಕ್ಕೆ ದುಡ್ಡು ಸಿಕ್ಕಿತು, ಎರಡನೆಯದಕ್ಕೆ ಸಮಿತಿ ಸಿಕ್ಕಿತು. 2006ರ ಏಪ್ರಿಲ್ 1ರ ನಂತರ ಸೇರಿದ ನಮ್ಮಂಥವರ ಸಂಬಳದಿಂದ ಇವತ್ತಿಗೂ ಹತ್ತು ಪರ್ಸೆಂಟ್ ಎನ್‌ಪಿಎಸ್‌ಗೆ ಹೋಗ್ತಾ ಇದೆ. ಆವತ್ತು ಮಾತುಕತೆಗೆ ಕೂತಿದ್ದ ಮುಖಂಡರಲ್ಲಿ ಎಷ್ಟು ಜನ ಹಳೇ ಪಿಂಚಣಿಯವರು ಅಂತ ಒಮ್ಮೆ ಎಣಿಸಿ ನೋಡಿ.

ನನ್ನ ತಕರಾರು ಸಂಘ ಇರಬಾರದು ಅಂತ ಅಲ್ಲ. ನನ್ನ ತಾಲ್ಲೂಕಿನಲ್ಲಿ ಪದಾಧಿಕಾರಿಯೊಬ್ಬರು ವಾರದಲ್ಲಿ ಎಷ್ಟು ದಿನ ಶಾಲೆಯಲ್ಲಿರುತ್ತಾರೆ ಅಂತ ಅವರ ಕ್ಲಾಸಿನ ಮಕ್ಕಳನ್ನೇ ಕೇಳಬೇಕು. ಹಾಜರಿ ಪುಸ್ತಕದಲ್ಲಿ ಶಾಲೆಯ ಹೊರಗಿನ ಕರ್ತವ್ಯದ ಗುರುತು, "ಓಓಡಿ, ಓಓಡಿ, ಓಓಡಿ". ಆ ಕ್ಲಾಸ್ ಯಾರು ತೆಗೆದುಕೊಳ್ಳುತ್ತಾರೆ? ಪಕ್ಕದ ಕೋಣೆಯ ಟೀಚರ್, ತಮ್ಮ ಎರಡು ತರಗತಿ ಜೊತೆಗೆ ಇದನ್ನೂ. ಆ ಟೀಚರ್ ಕೂಡ ಸಂಘದ ಸದಸ್ಯೆಯೇ! ಶುಲ್ಕ ಕೊಟ್ಟು ಹೆಚ್ಚು ಕೆಲಸ ಮೈಮೇಲೆ ಹಾಕಿಕೊಂಡಂತೆ.

ಮತ್ತೆ ಲೆಕ್ಕ. ಶಿಕ್ಷಕರ ದಿನಾಚರಣೆಗೆ ಶಾಲೆಗಿಷ್ಟು ಅಂತ ವಸೂಲಿ, ಸಮ್ಮೇಳನಕ್ಕೆ ಇಷ್ಟು, ಡೈರಿಗೆ ಇಷ್ಟು. ರಸೀದಿ ಕೇಳಿದರೆ "ಏನ್ ಮೇಷ್ಟ್ರೇ, ನಮ್ಮ ಮೇಲೇ ಅನುಮಾನನಾ?"

ನಿವೃತ್ತ ಎಚ್‌ಎಂ (ಹಾಸನ)

ಓಓಡಿ ವಿಷಯದಲ್ಲಿ ವಾದ ಮಾಡಲ್ಲ. ನನ್ನ ಕಾಲದಲ್ಲೂ ಅದನ್ನು ಸೋಮಾರಿತನಕ್ಕೆ ಬಳಸಿಕೊಂಡವರು ಇದ್ದರು. ಎನ್‌ಪಿಎಸ್ ವಿಷಯದಲ್ಲೂ ನಿಮ್ಮ ಸಿಟ್ಟು ನ್ಯಾಯವೇ. ಅದಕ್ಕೇ ಎನ್‌ಪಿಎಸ್ ನೌಕರರ ಸಂಘ ಅಂತ ಬೇರೆಯೇ ಹುಟ್ಟಿ, 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತದ್ದು.

ಆದರೆ ಮುಷ್ಕರ ಒಂದೇ ದಿನಕ್ಕೆ ಮುಗಿಯಿತು ಅನ್ನುವಾಗ ಒಂದು ನೆನಪಿರಲಿ. ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕು ಇಲ್ಲ ಅಂತ ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ಆ ವರ್ಷ ತಮಿಳುನಾಡಿನಲ್ಲಿ ಮುಷ್ಕರಕ್ಕೆ ಇಳಿದ ಒಂದೂವರೆ ಲಕ್ಷಕ್ಕಿಂತ ಹೆಚ್ಚು ನೌಕರರನ್ನು, ಶಿಕ್ಷಕರೂ ಸೇರಿ, ಜಯಲಲಿತಾ ಸರ್ಕಾರ ವಜಾ ಮಾಡಿತ್ತು. ಕೋರ್ಟ್ ಮುಂದೆ ಹೋದ ಮೇಲೆ ಹೆಚ್ಚಿನವರನ್ನು ವಾಪಸ್ ತೆಗೆದುಕೊಂಡರು, ಆದರೆ ಮುಂದೆ ಮುಷ್ಕರ ಮಾಡಲ್ಲ ಅಂತ ಮುಚ್ಚಳಿಕೆ ಬರೆಸಿಕೊಂಡರು. ಕೈಯಲ್ಲಿ ಇಷ್ಟೇ ಬಲ ಇಟ್ಟುಕೊಂಡು ಮಾತುಕತೆಗೆ ಕೂರುವವರು ಸಿಕ್ಕಿದ್ದನ್ನು ತೆಗೆದುಕೊಂಡು ಏಳುತ್ತಾರೆ.

ನಲಿಕಲಿ ಟೀಚರ್ (ಉತ್ತರ ಕನ್ನಡ)

ಗಂಡಸರ ಜಗಳದ ನಡುವೆ ನಂದೂ ಒಂದು ಮಾತು.

ಈ ದಸರಾ ರಜೆಯ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ (ಜಾತಿ ಗಣತಿ) ಎಲ್ಲರಿಗೂ ನೆನಪಿದೆ ತಾನೇ? ಸೆಪ್ಟೆಂಬರ್ 22ಕ್ಕೆ ಶುರು. ಮೊಬೈಲ್ ಆ್ಯಪ್, ಕರೆಂಟ್ ಮೀಟರ್ ರೀಡರ್ ಅಂಟಿಸಿ ಹೋದ ಯುಎಚ್‌ಐಡಿ (ಮನೆಯ ಗುರುತಿನ ಸಂಖ್ಯೆ) ಸ್ಟಿಕ್ಕರ್, 60 ಪ್ರಶ್ನೆ. ನನಗೆ ಸಿಕ್ಕ ಬ್ಲಾಕಿನಲ್ಲಿ ಮನೆಯಿಂದ ಮನೆಗೆ ತೋಟ ದಾಟಿ ಹೋಗಬೇಕು. ಮನೆಯ ಒಳಗೆ ನೆಟ್‌ವರ್ಕ್ ಇಲ್ಲ. ಹಾಗಾಗಿ ಯಜಮಾನರನ್ನು ಗುಡ್ಡದ ತುದಿಗೆ ಕರೆದುಕೊಂಡು ಹೋಗಿ, ಅಲ್ಲಿ ಅವರ ಮೊಬೈಲಿಗೆ ಬರುವ ಒಟಿಪಿ ಕಾಯಬೇಕು. ಅದು ಬರುವಷ್ಟರಲ್ಲಿ ಆ್ಯಪ್ ಲಾಗೌಟ್. ಒಬ್ಬ ಅಜ್ಜ "ತಂಗಿ, ನಿಂಗೆ ಇದಕ್ಕೆ ಎಷ್ಟು ಕೊಡ್ತಾರೆ?" ಅಂತ ಕೇಳಿ ಮಜ್ಜಿಗೆ ಕೊಟ್ಟು ಕಳಿಸಿದರು.

ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ದಿನಾ ಸಂಜೆ ವಾಟ್ಸಾಪಿನಲ್ಲಿ ನೋಟಿಸ್, ಅಮಾನತಿನ ಬೆದರಿಕೆ. ಕೊನೆಗೆ ಸಂಘದವರು ಇನ್ನೂ ಹತ್ತು ದಿನ ಬೇಕು ಅಂತ ಮನವಿ ಕೊಟ್ಟರು, ಸರ್ಕಾರ 18ನೇ ತಾರೀಕಿನವರೆಗೆ ಶಾಲೆಗೆ ರಜೆ ವಿಸ್ತರಿಸಿತು. ಆ ದಿನ ನಾನು ಸಂಘಕ್ಕೆ ಕೈ ಮುಗಿದೆ. ಸುಮ್ನೆ ಹೇಳ್ತಿಲ್ಲ, ನಿಜವಾಗಿಯೂ.

ಒಂದು ವಾರ ಆದ ಮೇಲೆ ಬೇರೆ ಯೋಚನೆ ಬಂತು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಏನು ಹೇಳುತ್ತೆ? ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು. ಸಂಘ ಕೇಳಬೇಕಾದದ್ದು "ಈ ಕೆಲಸ ನಮಗೆ ಯಾಕೆ?" ಅಂತ ಅಲ್ವಾ? ನಾವು ಕೇಳಿದ್ದು ಟೈಮ್. ಮಕ್ಕಳಿಗೆ ಹೋದದ್ದು ಪಾಠದ ದಿನಗಳು.

ಇನ್ನೊಂದು. ಪ್ರಾಥಮಿಕ ಶಾಲೆಗಳಲ್ಲಿ ಎಲ್ಲಿ ನೋಡಿದರೂ ನಾವೇ ಹೆಂಗಸರು. ವೇದಿಕೆ ಮೇಲೆ ನೋಡಿದರೆ ಸ್ವಾಗತ ಗೀತೆಗೆ ನಾವು, ಅಧ್ಯಕ್ಷತೆಗೆ ಅವರು. ಸಭೆ ಇಡುವುದು ಸಂಜೆ ಆರಕ್ಕೆ ತಾಲ್ಲೂಕು ಕೇಂದ್ರದಲ್ಲಿ. ನಮ್ಮೂರಿಗೆ ಕೊನೇ ಬಸ್ಸು ಆರೂವರೆಗೆ. ಸಾವಿತ್ರಿಬಾಯಿ ಫುಲೆ ಹೆಸರಿನಲ್ಲಿ ಶಿಕ್ಷಕಿಯರದ್ದೇ ಸಂಘ ಬೇರೆ ಹುಟ್ಟಿದ್ದು ಸುಮ್ಮನೆ ಅಲ್ಲ.

ಜಿಪಿಟಿ ವಿಜ್ಞಾನ (ಕೊಪ್ಪಳ ಜಿಲ್ಲೆ)

ಮೇಡಂ, ಸಮೀಕ್ಷೆಯ ಮಾತಿಗೆ ನೂರಕ್ಕೆ ನೂರು. ಎಲ್ಲರಿಗೂ ಧನ್ಯವಾದ. ಆದರೆ ಪಿಎಸ್‌ಟಿ–ಜಿಪಿಟಿ ಗೊಂದಲಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

2005ರ ಬ್ಯಾಚ್ (ಬಾಗಲಕೋಟೆ)

ಅದನ್ನ ನಾ ಹೇಳ್ತೀನಿ ಸರ್, ನಾನು ನಿಮ್ಮ ಎದುರಿನ ಪಾರ್ಟಿ. ಸಿಟ್ಟಾಗಬೇಡ್ರಿ.

ನಾನು ಸೇರಿದಾಗ ನನ್ನ ನೇಮಕಾತಿ ಒಂದರಿಂದ ಏಳನೇ ತರಗತಿಗೆ. ಏಳನೇ ತರಗತಿಗೆ ಗಣಿತ ಕಲಿಸಿದ್ದೀನಿ, ನನ್ನ ಕೈಲಿ ಕಲಿತವರು ಎಂಜಿನಿಯರ್ ಆಗಿದ್ದಾರೆ. 2017ರ ವೃಂದ ಮತ್ತು ನೇಮಕಾತಿ ನಿಯಮ ಬಂದ ಮೇಲೆ ನಾವು ಒಂದರಿಂದ ಐದಕ್ಕೆ ಸೀಮಿತವಾದ ಪಿಎಸ್‌ಟಿ ಆದೆವು. ಆರರಿಂದ ಎಂಟಕ್ಕೆ ಜಿಪಿಟಿ ಅಂತ ಹೊಸ ವೃಂದ. ನನ್ನ ಹತ್ರ ಬಿಎ, ಬಿಎಡ್ ಎರಡೂ ಇದೆ. ಆದರೂ ಆ ವೃಂದಕ್ಕೆ ನಾನಿಲ್ಲ. ಮುಂಬಡ್ತಿಯ ದಾರಿಯೂ ಮುಚ್ಚಿತು. 2024ರ ಆಗಸ್ಟ್ 12ರಂದು ಫ್ರೀಡಂ ಪಾರ್ಕಿಗೆ ರಾಜ್ಯದ ಮೂಲೆಮೂಲೆಯಿಂದ ಶಿಕ್ಷಕರು ಬಂದದ್ದು ಇದಕ್ಕೇ: 2017ಕ್ಕೆ ಮೊದಲು ಸೇರಿದವರಿಗೆ ಈ ನಿಯಮ ಪೂರ್ವಾನ್ವಯ ಮಾಡಬೇಡಿ, ಪದವಿ ಇದ್ದವರನ್ನು ಜಿಪಿಟಿ ಅಂತ ಪರಿಗಣಿಸಿ.

ಹಾಗೆ ಪರಿಗಣಿಸಿದರೆ ಸೀನಿಯಾರಿಟಿ ಪಟ್ಟಿಯಲ್ಲಿ ನಿಮ್ಮ ಜಾಗ ಎಲ್ಲಿ ಅನ್ನೋದು ನಿಮ್ಮ ಗೆಳೆಯರ ಚಿಂತೆ. ಅದು ತಪ್ಪು ಚಿಂತೆ ಅಂತ ಹೇಳಲ್ಲ. ನೀವು ಸಿಇಟಿ ಬರೆದು, ಕಟ್ ಆಫ್ ದಾಟಿ ಬಂದವರು. ಇಬ್ಬರ ಬೇಡಿಕೆಯೂ ನ್ಯಾಯ, ಆದರೆ ಇರೋ ಬಡ್ತಿ ಜಾಗ ಅಷ್ಟೇ.

ಹಂಗಾಗಿ ಎರಡೂ ಸಂಘದ ಬೇಡಿಕೆ ಪಟ್ಟಿ ತರಿಸಿ ಓದಿ. ದೊಡ್ಡ ಸಂಘಕ್ಕೆ ಬಿಇಒ ಕಚೇರಿಯಲ್ಲಿ ಕುರ್ಚಿ ಸಿಗುತ್ತೆ. ಸಣ್ಣ ಸಂಘ ನಿಮ್ಮ ವೃಂದದ ಕೇಸನ್ನು ಕೋರ್ಟಿಗೆ ಒಯ್ಯುತ್ತೆ. ಎರಡರಲ್ಲೂ ಇರುವವರು ಬೇಕಾದಷ್ಟು ಜನ ಇದ್ದಾರೆ.

ಈಗ ನನ್ನ ತಲೆನೋವು ಬೇರೆ. ಸೆಪ್ಟೆಂಬರ್ 1ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂತು: ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಸೇವೆ ಉಳಿದವರು ಎರಡು ವರ್ಷದೊಳಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಬೇಕು, ಇಲ್ಲಾಂದ್ರೆ ಕೆಲಸದಿಂದ ಹೊರಗೆ. ಐದಕ್ಕಿಂತ ಕಮ್ಮಿ ಇದ್ದವರು ಉಳೀತಾರೆ, ಆದರೆ ಬಡ್ತಿ ಬೇಕಂದ್ರೆ ಅವರೂ ಬರೀಬೇಕು. ನಾನು ಸೇರುವಾಗ ಟಿಇಟಿ ಅನ್ನೋ ಪರೀಕ್ಷೆಯೇ ಇರಲಿಲ್ಲ. ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೆ, ಮಗಳ ಜೊತೆ ಕೂತು ಶಿಶು ಮನೋವಿಜ್ಞಾನ ಓದ್ತಾ ಇದ್ದೀನಿ. ಇಂಥಾದ್ದಕ್ಕೆ ಒಬ್ಬನೇ ದಿಲ್ಲಿಗೆ ಹೋಗಿ ವಕೀಲರನ್ನ ಇಡೋಕಾಗುತ್ತಾ? ಬೇರೆ ಬೇರೆ ರಾಜ್ಯದ ಶಿಕ್ಷಕ ಸಂಘಟನೆಗಳು ಮರುಪರಿಶೀಲನೆ ಕೇಳಿವೆ. ಸಂಘ ಯಾಕೆ ಅಂತ ಕೇಳಿದರೆ ನನಗೆ ಇದೊಂದೇ ಉತ್ತರ ಸಾಕು.

ಸೀಮೆಸುಣ್ಣ

2005 ಸರ್, ಶಿಶು ಮನೋವಿಜ್ಞಾನ ಪಾಸಾದರೆ ನಮ್ಮ ಬಿಇಒಗೂ ಸ್ವಲ್ಪ ಕಲಿಸಿ.

ಹೈಸ್ಕೂಲ್ ಇತಿಹಾಸ (ಧಾರವಾಡ)

ರಾಜಕೀಯದ ಬಗ್ಗೆ ಯಾರೂ ಮಾತಾಡಿಲ್ಲವಲ್ಲ? ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಏಳು ಶಿಕ್ಷಕರ ಕ್ಷೇತ್ರದ್ದು. ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನವರಿಗೆ ಮಾತ್ರ ಮತ. ಒಂದರಿಂದ ಎಂಟರವರೆಗೆ ಕಲಿಸುವ ನಿಮಗೆ ಇಲ್ಲ. ನಮ್ಮ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಬಸವರಾಜ ಹೊರಟ್ಟಿಯವರು 1980ರಿಂದ ಗೆದ್ದು ಬರುತ್ತಿದ್ದಾರೆ, 2022ರದ್ದು ಎಂಟನೇ ಗೆಲುವು. ಅವರೂ ಮೊದಲು ದೈಹಿಕ ಶಿಕ್ಷಣ ಶಿಕ್ಷಕರೇ.

ಇದರಿಂದ ನಮ್ಮ ಹೈಸ್ಕೂಲ್ ಸಂಘಗಳಿಗೆ ಒಂದು ಅನುಕೂಲ: ಚುನಾವಣೆ ಹತ್ತಿರ ಬಂದರೆ ಎಲ್ಲ ಪಕ್ಷದವರೂ ಫೋನ್ ಎತ್ತುತ್ತಾರೆ. ಅನನುಕೂಲವೂ ಅದೇ. ಸಂಘದ ಮುಖಂಡ ಯಾರ ಟಿಕೆಟ್ ಮೇಲೆ ಕಣ್ಣಿಟ್ಟಿದ್ದಾನೆ ಅನ್ನುವುದರ ಮೇಲೆ ಮನವಿಯ ಭಾಷೆ ಮೆತ್ತಗೋ ಗಟ್ಟಿಯೋ ಆಗುತ್ತದೆ. ಪ್ರಾಥಮಿಕದವರು ತಮಗೂ ಮತ ಬೇಕು ಅಂತ ಎಷ್ಟೋ ವರ್ಷದಿಂದ ಕೇಳುತ್ತಿದ್ದಾರೆ. ಸಂವಿಧಾನದ 171ನೇ ವಿಧಿ ತಿದ್ದದೇ ಆಗುವ ಮಾತಲ್ಲ ಅದು.

ವೇದಿಕೆ ನಿರ್ವಾಹಕ

ರಾಜಕೀಯ ಇಷ್ಟಕ್ಕೆ ಸಾಕು. ಯಾವ ತಾಲ್ಲೂಕು ಅಧ್ಯಕ್ಷರ ಹೆಸರೂ ಬೇಡ. ಒಂದು ಪೋಸ್ಟ್ ತೆಗೆದಿದ್ದೇನೆ, ಯಾರದ್ದು ಅಂತ ಅವರಿಗೆ ಗೊತ್ತು.

ಕಾನ್ವೆಂಟ್ ಟೀಚರ್ (ಬೆಂಗಳೂರು)

ಎರಡು ದಿನದಿಂದ ಓದ್ತಾ ಇದ್ದೀನಿ. ತಪ್ಪು ತಿಳಿಯಬೇಡಿ, ಹೊಟ್ಟೆಕಿಚ್ಚಿನಿಂದಲೇ ಬರೀತಾ ಇದ್ದೀನಿ. ಯಾವ ಸಂಘಕ್ಕೆ ಸೇರಲಿ ಅನ್ನೋ ಕಷ್ಟ ನಿಮಗೆ. ನಮಗೆ ಸಂಘ ಅನ್ನೋ ಪದ ಸ್ಟಾಫ್ ರೂಮಿನಲ್ಲಿ ಜೋರಾಗಿ ಹೇಳೋಕೂ ಭಯ.

ಅನುದಾನರಹಿತ ಶಾಲೆ, ಎಂಟು ವರ್ಷ ಆಯ್ತು. ಸೇರುವಾಗ ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡ್ "ವೆರಿಫಿಕೇಶನ್‌ಗೆ" ಅಂತ ತೆಗೆದುಕೊಂಡರು, ಇನ್ನೂ ಅವರ ಬೀರುವಿನಲ್ಲೇ ಇದೆ. ಪ್ರತಿ ಮಾರ್ಚ್‌ನಲ್ಲಿ ಹೊಸ ಕಾಂಟ್ರ್ಯಾಕ್ಟ್. ಬೇಸಿಗೆ ರಜೆಯ ಸಂಬಳ ಒಂದು ವರ್ಷ ಬರುತ್ತೆ, ಒಂದು ವರ್ಷ ಇಲ್ಲ. ಕಳೆದ ವರ್ಷ ಇಬ್ಬರು ಟೀಚರ್‌ಗಳು ಪಿಎಫ್ ಬಗ್ಗೆ ಕೇಳಿದರು. ಜೂನ್‌ನಲ್ಲಿ ಅವರ ಹೆಸರು ಟೈಮ್‌ಟೇಬಲ್‌ನಲ್ಲಿ ಇರಲಿಲ್ಲ. ಯಾರೂ ಅವರಿಗೆ "ತೆಗೆದಿದ್ದೇವೆ" ಅಂತ ಬರೆದು ಕೊಡಲೂ ಇಲ್ಲ. ನಮ್ಮಂಥವರು ಏನು ಮಾಡಬೇಕು?

ಅತಿಥಿ (ರಾಯಚೂರು)

ಮೇಡಂ, ನಿಮ್ಮ ಪಕ್ಕದಲ್ಲಿ ನನಗೂ ಸ್ವಲ್ಪ ಜಾಗ ಕೊಡಿ. ನಾನು ಸರ್ಕಾರಿ ಶಾಲೆಯಲ್ಲೇ ಕಲಿಸುವವನು, ಅತಿಥಿ ಶಿಕ್ಷಕ. ಈ ವರ್ಷದ ಬಜೆಟ್‌ನಲ್ಲಿ 2,000 ಹೆಚ್ಚಿಸಿದ ಮೇಲೆ ಪ್ರಾಥಮಿಕ ಶಾಲೆಗೆ ತಿಂಗಳಿಗೆ 12,000. ಅದೂ ಪ್ರತಿ ತಿಂಗಳು ಬರಲ್ಲ, ಬಿಡುಗಡೆ ಆದಾಗ ಒಟ್ಟಿಗೆ ಬರುತ್ತೆ. ಕಾಯಂ ಶಿಕ್ಷಕರೊಬ್ಬರು ವರ್ಗವಾಗಿ ಬಂದರೆ ಮರುದಿನದಿಂದ ನಾನು ಮನೆಗೆ. ಸಂಘದ ಸಭೆಯಲ್ಲಿ ಚಹಾ ಕೊಡೋಕೆ ನನ್ನನ್ನೇ ಕರೀತಾರೆ. ಸದಸ್ಯತ್ವದ ಫಾರಂ ಮಾತ್ರ ನನ್ನ ಮುಂದೆ ಬಂದಿಲ್ಲ.

ನಲಿಕಲಿ ಟೀಚರ್ (ಉತ್ತರ ಕನ್ನಡ)

ಅತಿಥಿ ಸರ್, ನೀವು ಹೇಳಿದ್ದು ನಮ್ಮ ಶಾಲೆಗೂ ಸರಿಯಾಗಿ ಹೊಂದುತ್ತೆ. ನಮ್ಮಲ್ಲಿ ಮೂವರು ಕಲಿಸುತ್ತೇವೆ, ಒಬ್ಬಳು ಅತಿಥಿ. ಸಮೀಕ್ಷೆಗೆ ನಾವಿಬ್ಬರೂ ಹೊರಗೆ ಓಡಾಡುವಾಗ ಶಾಲೆಯ ಬೀಗದ ಕೈ ಇದ್ದದ್ದು ಅವಳ ಹತ್ರ. ನಮ್ಮ ಸಂಘದ ಬೇಡಿಕೆ ಪಟ್ಟಿಯಲ್ಲಿ ಅವಳ ಬಗ್ಗೆ ಒಂದು ಸಾಲು ಇದೆಯಾ ಅಂತ ನಾಳೆ ನೋಡುತ್ತೇನೆ. ಇರಲಾರದು.

ಬಿಎಡ್ ಬಿಟ್ಟು ಎಲ್‌ಎಲ್‌ಬಿ

ಬೆಂಗಳೂರಿನ ಮೇಡಂಗೆ. ನಾನು ಖಾಸಗಿ ಶಾಲೆಯಲ್ಲಿ ಕಲಿಸುತ್ತಿದ್ದೆ, ಈಗ ಕೋರ್ಟಿನಲ್ಲಿದ್ದೇನೆ. ನೇರವಾಗಿ ಹೇಳುತ್ತೇನೆ.

ಕೆಟ್ಟ ಸುದ್ದಿ ಮೊದಲು. ಕಾರ್ಖಾನೆಯ ಕೆಲಸಗಾರನನ್ನು ತೆಗೆದರೆ ಅವನು ಲೇಬರ್ ಕೋರ್ಟಿಗೆ ಹೋಗುತ್ತಾನೆ. ಶಿಕ್ಷಕರಿಗೆ ಆ ಬಾಗಿಲು ಇಲ್ಲ. 1978ರ ಬೆಂಗಳೂರು ಜಲಮಂಡಳಿ ಕೇಸಿನಲ್ಲಿ ಶಿಕ್ಷಣ ಸಂಸ್ಥೆಯೂ "ಉದ್ಯಮ"ದೊಳಗೆ ಬರುತ್ತದೆ ಅಂತ ಆಯಿತು. ಆದರೆ 1988ರಲ್ಲಿ ಗೋವಾದ ಒಬ್ಬ ಶಾಲಾ ಶಿಕ್ಷಕಿಯ ಕೇಸಿನಲ್ಲಿ, ಶಾಲೆ ಉದ್ಯಮ ಆದರೂ ಶಿಕ್ಷಕರು ಆಗಿನ ಕೈಗಾರಿಕಾ ವಿವಾದ ಕಾಯ್ದೆ ಹೇಳುತ್ತಿದ್ದ "ವರ್ಕ್‌ಮನ್" (ಕೆಲಸಗಾರ) ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಆ ಶಾಲೆಯ ಜವಾನ ಲೇಬರ್ ಕೋರ್ಟಿಗೆ ಹೋಗಬಹುದು, ಟೀಚರ್ ಹೋಗೋ ಹಾಗಿಲ್ಲ. ಇದಕ್ಕೆ ನಗಬೇಕೋ ಅಳಬೇಕೋ ನನಗೆ ಇನ್ನೂ ಗೊತ್ತಾಗಿಲ್ಲ.

ಆದರೆ ಕರ್ನಾಟಕ ಶಿಕ್ಷಣ ಕಾಯ್ದೆ, 1983 ಇದೆ. 92ನೇ ಸೆಕ್ಷನ್ ಪ್ರಕಾರ ವಿಚಾರಣೆ ಮಾಡದೆ, ಆರೋಪ ಏನು ಅಂತ ತಿಳಿಸದೆ ಖಾಸಗಿ ಶಾಲೆಯ ನೌಕರರನ್ನು ವಜಾ ಮಾಡುವಂತಿಲ್ಲ. ಮಾಡಿದರೆ 94ನೇ ಸೆಕ್ಷನ್ ಅಡಿಯಲ್ಲಿ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಜಿಲ್ಲಾ ನ್ಯಾಯಾಧೀಶರೇ ಅದನ್ನು ನಡೆಸುವುದು. ಆ ಮೂರು ತಿಂಗಳು ಬಹಳ ಮುಖ್ಯ. "ಮುಂದಿನ ತಿಂಗಳು ನೋಡೋಣ, ಮತ್ತೆ ಕರೀತೀವಿ" ಅಂತ ಮ್ಯಾನೇಜ್‌ಮೆಂಟ್ ಹೇಳುವುದೇ ಅದನ್ನು ಕಳೆಯಲು. ಮತ್ತೆ ಏನೇ ಒತ್ತಡ ಇರಲಿ, ರಾಜೀನಾಮೆ ಬರೆದು ಕೊಡಬೇಡಿ. ನೀವೇ ಬಿಟ್ಟಿದ್ದೀರಿ ಅಂತ ಆದರೆ ವಜಾ ಎಲ್ಲಿಂದ ಬಂತು?

ಒಳ್ಳೆ ಸುದ್ದಿ ಗ್ರ್ಯಾಚುಟಿ, ಅಂದರೆ ಕೆಲಸ ಬಿಡುವಾಗ ಸೇವೆಗೆ ಸಿಗುವ ಇಡಿಗಂಟು. ಇದು ಸಂಘಟನೆ ಏನು ಮಾಡಬಹುದು ಅನ್ನುವುದಕ್ಕೂ ಉದಾಹರಣೆ. 2004ರಲ್ಲಿ ಅಹಮದಾಬಾದಿನ ಖಾಸಗಿ ಪ್ರಾಥಮಿಕ ಶಿಕ್ಷಕರ ಸಂಘ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಆಗಿನ ಕಾಯ್ದೆಯ ವ್ಯಾಖ್ಯೆಯಲ್ಲಿ ಶಿಕ್ಷಕರು ಬರಲ್ಲ ಅಂದಿತು ಕೋರ್ಟು, ಜೊತೆಗೆ ಕಾಯ್ದೆ ತಿದ್ದುವುದು ಸಂಸತ್ತಿನ ಕೆಲಸ ಅಂತಲೂ ಹೇಳಿತು. 2009ರಲ್ಲಿ ತಿದ್ದುಪಡಿ ಬಂತು, 1997ರ ಏಪ್ರಿಲ್ 3ರಿಂದ ಪೂರ್ವಾನ್ವಯ. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದವು, 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಗಮನಿಸಿ, ಆ ಕೊನೆಯ ಕೇಸಿನಲ್ಲಿ ಅರ್ಜಿ ಹಾಕಿದ್ದು ಶಾಲೆಗಳ ಒಕ್ಕೂಟ. ಮಾಲೀಕರು ಯಾವಾಗಲೋ ಸಂಘ ಮಾಡಿಕೊಂಡಿದ್ದಾರೆ ಮೇಡಂ.

ಸಾಮಾನ್ಯವಾಗಿ ಸತತ ಐದು ವರ್ಷ ಸೇವೆ ಆದವರಿಗೆ ಇದು ಸಲ್ಲುತ್ತದೆ. ಲೆಕ್ಕ ಹೀಗೆ: ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷದಿಂದ ಗುಣಿಸಿ. ಅದು 26,000 ಇದ್ದರೆ ವರ್ಷಕ್ಕೆ 15,000, ನಿಮ್ಮ ಎಂಟು ವರ್ಷಕ್ಕೆ 1,20,000. ಪ್ರತಿ ಮಾರ್ಚ್‌ಗೆ ಹೊಸ ಕಾಂಟ್ರ್ಯಾಕ್ಟ್ ಮಾಡಿಸುವುದರ ಹಿಂದೆ ಈ ಲೆಕ್ಕವೂ ಇದೆ. ಸೇವೆ ಸತತ ಅಲ್ಲ ಅಂತ ತೋರಿಸೋಕೆ. ಆದ್ದರಿಂದ ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮಿಂದ ಮಾಡಿಸುವ ಕೆಲಸದ ಮೆಸೇಜು, ಅಡ್ಮಿಷನ್ ಡ್ಯೂಟಿ ಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಜೋಪಾನವಾಗಿ ಇಟ್ಟುಕೊಳ್ಳಿ.

ಲೆಕ್ಕದ ಮೇಷ್ಟ್ರು (ಮಂಡ್ಯ)

ಮೇಡಂ ಮತ್ತು ಅತಿಥಿ ಸರ್ ಬರೆದದ್ದು ಓದಿದ ಮೇಲೆ ನನ್ನ ಓಓಡಿ ತಕರಾರು ಸಣ್ಣದಾಗಿ ಕಾಣ್ತಿದೆ. ಬಿಡಲ್ಲ, ಆದರೂ ಸಣ್ಣದು.

ಕೊಪ್ಪಳದ ಸರ್, ನನ್ನ ಅಭಿಪ್ರಾಯ ಕೇಳಿದರೆ ಸೇರಿ. ನಾನೂ ಸದಸ್ಯನೇ, ಯಾವತ್ತೂ ಬಿಟ್ಟಿಲ್ಲ. ಹೊರಗೆ ನಿಂತು ಬೈದರೆ ಅವರಿಗೆ ಖುಷಿ, ಒಂದು ಮತ ಕಮ್ಮಿ ಆಯ್ತಲ್ಲ ಅಂತ. ನಮ್ಮ ಸಂಘಗಳಲ್ಲಿ ಹೆಚ್ಚಿನವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಬರುತ್ತವೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಯಬೇಕು, ಆಡಿಟ್ ಆದ ಲೆಕ್ಕ ನೋಂದಣಾಧಿಕಾರಿಗೆ ಹೋಗಬೇಕು. ಸದಸ್ಯನಾದವನು ಆ ಸಭೆಯಲ್ಲಿ ಎದ್ದು ನಿಂತು ಕೇಳಬಹುದು. ನಾನು ಕೇಳ್ತೀನಿ. ಊಟಕ್ಕೆ ಮುಂಚೆ ಕೇಳಬೇಕು, ಊಟ ಆದ ಮೇಲೆ ಯಾರೂ ಇರಲ್ಲ.

ಜಿಪಿಟಿ ವಿಜ್ಞಾನ (ಕೊಪ್ಪಳ ಜಿಲ್ಲೆ)

ಫಾರಂ ಓದಿದೆ. ಅದರಲ್ಲಿ ಸದಸ್ಯತ್ವದ ಜೊತೆಗೆ "ಸಂಘ ಕಾಲಕಾಲಕ್ಕೆ ತೀರ್ಮಾನಿಸುವ ಮೊತ್ತವನ್ನು ವೇತನದಲ್ಲಿ ಕಡಿತ ಮಾಡಲು ಒಪ್ಪಿಗೆ" ಅಂತಲೂ ಒಂದು ಸಾಲಿದೆ. ಆ ಸಾಲು ಹೊಡೆದು ಹಾಕಿ ಸಹಿ ಮಾಡಬಹುದಾ?

ನಿವೃತ್ತ ಎಚ್‌ಎಂ (ಹಾಸನ)

ಹೊಡೆದು ಹಾಕಿ, ಪಕ್ಕದಲ್ಲಿ "ವಾರ್ಷಿಕ ಶುಲ್ಕಕ್ಕೆ ಮಾತ್ರ" ಅಂತ ಬರೆದು ಸಣ್ಣ ಸಹಿ ಹಾಕಿ. ಒಂದು ಜೆರಾಕ್ಸ್ ಇಟ್ಟುಕೊಳ್ಳಿ. ತಗೊಳ್ಳಲ್ಲ ಅಂದರೆ ಯಾಕೆ ಅಂತ ಬರೆದು ಕೊಡಿ ಅನ್ನಿ. ತಗೋತಾರೆ. ಪ್ರೊಬೇಷನರಿ ಕಡತಕ್ಕೆ ಈಗಲೇ ನಿಮ್ಮ ಪ್ರಮಾಣಪತ್ರಗಳ ನೈಜತೆ ವರದಿ ಬಂದಿದೆಯಾ ನೋಡಿಕೊಳ್ಳಿ. ನಿಲ್ಲುವುದು ಸಾಮಾನ್ಯವಾಗಿ ಅಲ್ಲಿ.

ಕಾನ್ವೆಂಟ್ ಟೀಚರ್ (ಬೆಂಗಳೂರು)

ವಕೀಲ ಸರ್‌ಗೆ ತುಂಬಾ ಥ್ಯಾಂಕ್ಸ್. ನಾವು ಧೈರ್ಯ ಇರೋರು ನಾಲ್ಕು ಜನ ಇದ್ದೀವಿ. ಸಂಘ ಅಂತ ನೋಂದಣಿ ಮಾಡಿಸಬೇಕಾದರೆ ಎಷ್ಟು ಜನ ಬೇಕು? ಎಲ್ಲರೂ ಒಂದೇ ಶಾಲೆಯವರಾಗಿರಬೇಕಾ?

ಬಿಎಡ್ ಬಿಟ್ಟು ಎಲ್‌ಎಲ್‌ಬಿ

1960ರ ಕಾಯ್ದೆ ಪ್ರಕಾರ ಏಳು ಜನ. ಒಂದೇ ಶಾಲೆಯವರು ಆಗಬೇಕಿಲ್ಲ, ಆಗದಿದ್ದರೇ ಒಳ್ಳೇದು. ಬೇರೆ ಶಾಲೆಯ ಮೂವರನ್ನು ಹುಡುಕಿ. ಈಗಾಗಲೇ ಕೆಲಸ ಕಳೆದುಕೊಂಡ ಆ ಇಬ್ಬರು ಟೀಚರ್‌ಗಳನ್ನೂ ಪದಾಧಿಕಾರಿಗಳಾಗಲು ಕೇಳಿ, ಅವರನ್ನು ತೆಗೆಯಲು ಇನ್ನು ಯಾರಿಗೂ ಆಗಲ್ಲ. ನಿಯಮಾವಳಿಯ ಕರಡು ನಾನು ಮಾಡಿಕೊಡುತ್ತೇನೆ, ಇಲ್ಲಿ ಖಾಸಗಿ ಮೆಸೇಜ್ ಹಾಕಿ.

ಮತ್ತೆ, ವಾಟ್ಸಾಪ್ ಗ್ರೂಪ್ ಮಾಡೋದಾದರೆ ಶಾಲೆಯವರು ಕೊಟ್ಟ ಸಿಮ್ಮಿನಲ್ಲಿ ಮಾಡಬೇಡಿ.

ಅತಿಥಿ (ರಾಯಚೂರು)

ವಕೀಲ ಸರ್, ಆ ಕರಡು ನನಗೂ ಒಂದು ಕಳಿಸ್ರಿ. ನಮ್ಮ ತಾಲ್ಲೂಕಿನಲ್ಲಿ ಏಳು ಜನ ಅತಿಥಿಗಳು ಒಂದೇ ಬಸ್ಸಿನಲ್ಲಿ ಸಿಗ್ತಾರೆ.